ಹಿತೇಶನಿಗೆ ಓದಿ ಹೇಳಿದ್ದು

ಭಾಂಡುಪ್, ಮುಂಬಯಿ
೯ ಮಾರ್ಚ್ ೨೦೨೫

ಪ್ರೀತಿಯ ಮಗಳು ನಮಿತಾಳಿಗೆ ಪಪ್ಪನ ಆಶೀರ್ವಾದಗಳು.

ನೀನೂ ಅಳಿಯಂದಿರೂ ಕ್ಷೇಮವೆಂದು ನಂಬಿದ್ದೇನೆ. ನೀನು ಫೋನ್ ಮಾಡಿದಾಗಲೆಲ್ಲ ಎರಡು ಮಾತಾಡಿ ಅಮ್ಮನ ಕೈಗೆ ಕೊಟ್ಟುಬಿಡುತ್ತೇನೆಂದು ಬೇಸರಪಟ್ಟೆಯಂತೆ. ಕ್ಷಮಿಸು ಮಗಾ. ನಮ್ಮದು ಒಂದೇ ಕೋಣೆಯ ಮನೆ, ಹಿತೇಶ ಸದಾ ಅಲ್ಲೇ ಮಲಗಿರುತ್ತಾನೆ. ಅವನ ಎದುರಿಗೆ ಅವನ ವಿಷಯ ಹೇಗೆ ಆಡಲಿ? ಅದಕ್ಕೇ ಬಾಂದ್ರಾದಲ್ಲಿ, ಊಟದ ಗಿರಾಕಿಗಳೆಲ್ಲ ಹೋದ ಮೇಲೆ, ಕೆಲಸದ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬರೆಯುತ್ತಿದ್ದೇನೆ.

ನಿನ್ನ ತಮ್ಮ ಕಾಲೇಜು ಬಿಟ್ಟಿದ್ದಾನೆ.

ಅವನ ಕಣ್ಣು ಮಂಜಾಗುತ್ತಿರುವುದು ನಿನಗೆ ಗೊತ್ತಿತ್ತು. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಅಕ್ಷರ ಕಾಣುವುದೇ ನಿಂತಿತು. ಆದರೂ ನಾವು ಎದೆಗುಂದಿರಲಿಲ್ಲ. ಕಂಪ್ಯೂಟರ್ ಓದುವವನಿಗೆ ಪುಸ್ತಕ ಏಕೆ, ಬೇಕಾದ್ದೆಲ್ಲ ಆನ್‌ಲೈನ್ ಇದೆ ಎಂದರು ಕಾಲೇಜಿನವರು. ಪುಸ್ತಕ, ವಿಡಿಯೋ, ಅಭ್ಯಾಸದ ಪ್ರಶ್ನೆ, ಎಲ್ಲ ಎಲ್ಲೆಲ್ಲಿ ಸಿಗುತ್ತವೆಂದು ಲೈಬ್ರರಿ ಮೇಡಂ ಅವನ ಫೋನಿಗೇ ಕಳಿಸಿದರು. ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆಯನ್ನು ಲ್ಯಾಪ್‌ಟಾಪಿಗೆ ಹಾಕಿಸಿಕೊಂಡೆವು.

ಒಂದೊಂದೇ ಬಾಗಿಲು ತಟ್ಟಿದೆವು. ಪುಸ್ತಕಗಳನ್ನು ಪುಟಪುಟವೂ ಫೋಟೋ ಹಿಡಿದು ಹಾಕಿದ್ದರು. ಯಂತ್ರ ‘ಇಮೇಜ್, ಇಮೇಜ್’ ಎನ್ನುತ್ತಿತ್ತು, ಮತ್ತೇನೂ ಇಲ್ಲ. ವಿಡಿಯೋದ ಮಾಸ್ತರು ‘ಇಲ್ಲಿ ನೋಡಿ, ಇದನ್ನು ತೆಗೆದು ಅಲ್ಲಿ ಹಾಕಿ’ ಎನ್ನುತ್ತಿದ್ದರು. ಯಾವುದನ್ನು ಎಲ್ಲಿ? ಅಭ್ಯಾಸದ ಸೈಟು ಒಳಗೆ ಬಿಡುವ ಮೊದಲು, ನೀನು ಯಂತ್ರವಲ್ಲವೆಂದು ತೋರಿಸಲು ಸಿಗ್ನಲ್ ದೀಪವಿರುವ ಚಿತ್ರಗಳನ್ನು ಒತ್ತು ಎಂದಿತು. ಹಿತೇಶ ನಗಾಡಿದ. “ನಾನು ಮನುಷ್ಯ ಹೌದಾ ಅಂತ ಅದಕ್ಕೆ ಡೌಟ್ ಪಪ್ಪ.”

ಕೊನೆಗೆ ನಾನೇ ಓದಿ ಹೇಳತೊಡಗಿದೆ. ನನ್ನ ಇಂಗ್ಲಿಷು ಬಿಲ್ಲಿಗೆ ಸಾಕು, ಅಷ್ಟೇ. ಒಂದೊಂದೇ ಅಕ್ಷರ ಹೇಳುತ್ತಿದ್ದೆ, ಅವನು ಕೂಡಿಸಿಕೊಳ್ಳುತ್ತಿದ್ದ. ಅವರ ಪಾಠದಲ್ಲಿ ಹೆಜ್ಜೆಗೊಂದು ಡೊಂಕು ಕಂಸ ಬರುತ್ತದೆ. ನಮ್ಮ ಕಾಲದ ಗಣಿತದಲ್ಲಿ ಅದಕ್ಕೆ ಪುಷ್ಪಾವರಣ ಎನ್ನುತ್ತಿದ್ದರು. ಹಾಗಾಗಿ ‘ಹೂ ತೆರೆಯಿತು’, ‘ಹೂ ಮುಚ್ಚಿತು’ ಎಂದು ಓದುತ್ತಿದ್ದೆ. ಅಮ್ಮ ಕುಕ್ಕರನ್ನು ಇಳಿಸಿಟ್ಟು ಉಸಿರುಬಿಡದೆ ಕೂರುತ್ತಿದ್ದಳು.

ನಡುವೆ ಒಂದು ಒಳ್ಳೆಯದೂ ಆಯಿತು. ಯಾರೋ ಪುಣ್ಯಾತ್ಮರು ಬರೆದು ಬಿಟ್ಟಿಯಾಗಿ ಇಟ್ಟ ಪುಸ್ತಕವೊಂದು ಸಿಕ್ಕಿತು. ಫೋಟೋ ಅಲ್ಲ, ನಿಜವಾದ ಅಕ್ಷರ. ಚಿತ್ರ ಇದ್ದಲ್ಲೆಲ್ಲ ಅದರಲ್ಲಿ ಏನಿದೆಯೆಂದು ಮಾತಿನಲ್ಲಿ ಬರೆದಿದ್ದರು. ಯಂತ್ರ ಗಡಗಡನೆ ಓದಿತು. ಹಿತೇಶ ಊಟ ಮರೆತು ಕೇಳಿದ. ತಾನೇ ಒಂದು ಪ್ರೋಗ್ರಾಮ್ ಬರೆದು ಲ್ಯಾಪ್‌ಟಾಪಿನಿಂದ ಅಮ್ಮನ ಹೆಸರು ಹೇಳಿಸಿದ. ಅದು ಶೀಲಾವತಿಯನ್ನು ‘ಶಿಲವಟಿ’ ಎಂದಿತು. “ಅಯ್ಯೋ, ಇದು ಯಾರಪ್ಪ!” ಎಂದು ಅಮ್ಮ ನಕ್ಕಳು. ಆಮೇಲೆ ಅವಳು ನಕ್ಕದ್ದನ್ನು ನಾನು ಕಂಡಿಲ್ಲ.

ಪರೀಕ್ಷೆಯೂ ಈ ಸಲ ಆನ್‌ಲೈನ್, ಕಾಲೇಜಿನಲ್ಲೇ ಕೂತು ಬರೆಯುವುದು. ಪ್ರಶ್ನೆಗಳೆಲ್ಲ ಚಿತ್ರಗಳು, ಮೌಸ್ ಹಿಡಿದು ಗೆರೆ ಎಳೆದು ಜೋಡಿಸಬೇಕು. ಯಂತ್ರ ಮತ್ತೆ ‘ಇಮೇಜ್’ ಎಂದಿತು. ಚಿತ್ರದಲ್ಲಿ ಏನಿದೆ ಸರ್ ಎಂದು ಇವನು ಕೇಳಿದ. ಹೇಳಿದರೆ ಉತ್ತರವನ್ನೇ ಹೇಳಿದಂತೆ ಎಂದರಂತೆ ಪರೀಕ್ಷೆಯ ಕೋಣೆ ಕಾಯುತ್ತಿದ್ದ ಆ ಸರ್. ಸಹಾಯಕ್ಕೆ ಒಬ್ಬರನ್ನು ಕೊಡಿ ಎಂದು ನಾನು ಮೊದಲೇ ಅರ್ಜಿ ಕೊಟ್ಟಿದ್ದೆ. ಆನ್‌ಲೈನ್ ಪರೀಕ್ಷೆಗೆ ಆ ನಿಯಮ ಇನ್ನೂ ಬಂದಿಲ್ಲವೆಂದು ಆಫೀಸಿನಲ್ಲಿ ತಣ್ಣಗೆ ಹೇಳಿದರು. ಹಿತೇಶ ಕೊನೆಯ ಗಂಟೆಯವರೆಗೂ ಕೀಬೋರ್ಡಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತು ಎದ್ದುಬಂದ.

ಮರುದಿನ ನಾನು ಲ್ಯಾಪ್‌ಟಾಪ್ ತೆರೆದು, “ಬಾ ಮಗಾ, ಹೂ ತೆರೀತೇನೆ” ಎಂದೆ.

“ಛೋಡೋ ಪಪ್ಪ,” ಎಂದ. “ನೀವು ಲೋಕಲ್ ಟ್ರೈನ್‌ನಲ್ಲಿ ನಿಂತುಕೊಂಡು ಬಂದು ಸುಸ್ತಲ್ಲಿ ಓದ್ತೀರಿ. ಅರ್ಧರ್ಧ ಲೈನ್ ಬಿಟ್ಟುಹೋಗ್ತದೆ. ನಿಮಗೆ ಗೊತ್ತಾಗುದಿಲ್ಲ. ಬಿಟ್ಟದ್ದನ್ನು ನಾನೇ ಮನಸ್ಸಲ್ಲಿ ತುಂಬಿಸಿಕೊಳ್ತಾ ಇದ್ದೆ. ಇನ್ನು ನನ್ನಿಂದ ಆಗುದಿಲ್ಲ.”

ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಈಗ ಅವನು ಗೋಡೆಗೆ ಮುಖಮಾಡಿ ಮಲಗುತ್ತಾನೆ. ಕರೆದರೆ ‘ಹ್ಞಾ’ ಎನ್ನುತ್ತಾನೆ, ಏಳುವುದಿಲ್ಲ. ಅಮ್ಮ ಊರಿನ ದೈವಕ್ಕೆ ಹರಕೆ ಹೊತ್ತಿದ್ದಾಳೆ. ನನಗೆ ಯಾವುದರ ಮೇಲೂ ನಂಬಿಕೆ ಉಳಿದಿಲ್ಲ. ನೀನು ಫೋನ್ ಮಾಡಿದರೆ ಅವನೊಡನೆ ಕಾಲೇಜಿನ ಮಾತು ತೆಗೆಯಬೇಡ, ಬೇರೆ ಏನಾದರೂ ಮಾತಾಡು.

ನೀವಿಬ್ಬರೂ ನೂರು ಕಾಲ ತಣ್ಣಗೆ ಬಾಳಿ. ಊರ ದೈವ ನಿಮ್ಮ ಮನೆಯ ದೀಪ ಕಾಯಲಿ.

ನಿನ್ನ ಪಪ್ಪ,
ಪೂವಪ್ಪ

ತಾ.ಕ.: ಇದನ್ನು ಹೇಳಲೆಂದೇ ಕಾಗದ ಹಿಡಿದೆ, ಕೊನೆಯವರೆಗೂ ಕೈ ಬರಲಿಲ್ಲ. ಕಳೆದ ವಾರ ಕಣ್ಣಿನ ಡಾಕ್ಟರಮ್ಮ, ನಿಮ್ಮದು ಸಂಬಂಧದಲ್ಲೇ ಆದ ಮದುವೆಯೇ ಎಂದು ಕೇಳಿದರು. ಹೌದು, ಶೀಲಾವತಿ ನನ್ನ ಸೋದರಮಾವನ ಮಗಳು ಎಂದೆ. ಹಾಗಾದರೆ ಇವನ ಅಕ್ಕನ ಕಣ್ಣನ್ನೂ ತಡಮಾಡದೆ ತೋರಿಸಿ, ಈ ಕಾಯಿಲೆಯಲ್ಲಿ ಮೊದಲು ಮಬ್ಬುಗತ್ತಲಲ್ಲಿ ಕಣ್ಣು ಕಾಣದಾಗುತ್ತದೆ ಎಂದರು. ನೀನು ಹೋದ ಸಲ ಬಂದಾಗ ಸಂಜೆಯಾಗಿತ್ತು. ಸ್ಟೇಷನ್ನಿನ ಸೇತುವೆಯ ಮೆಟ್ಟಿಲಿಳಿಯುವಾಗ ನೀನು ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡೆ. ಮದುವೆಯಾಗಿ ಹೋದರೂ ಮಗಳಿಗೆ ಎಷ್ಟು ಅಕ್ಕರೆ ಎಂದು ನಾನು ಮನೆ ಮುಟ್ಟುವ ತನಕ ಹಿಗ್ಗಿದ್ದೆ. ಮಗಾ, ಅದು ಅಕ್ಕರೆಯೇ ತಾನೆ?