ಎಕಂಬಾದ ಬಾವಿಗೆ ಇಳಿದವನು

ಹಲಬರ್ಗಾ, ಬುಧವಾರ

ಬೀಗತಿ ಮಾಲತಿಬಾಯಿಯವರಿಗೆ ಕಾಶೀರಾಮನ ಜೈಭೀಮ್.

ನಿಮ್ಮನ್ನು ಬೀಗತಿ ಎನ್ನುತ್ತಿರುವುದು ಇದೇ ಮೊದಲು. ಸಿಂಧನೂರಿನ ಬಂಗಾಳಿ ನಿರಾಶ್ರಿತರ ಕ್ಯಾಂಪಿನಲ್ಲಿ ಹುಟ್ಟಿದವನೆಂದು ನಿಮ್ಮ ಮಗ ನಿಖಿಲನನ್ನು ನಾನು ಅಳಿಯ ಎಂದು ಒಪ್ಪಲೇ ಇಲ್ಲ.

ಹದಿನೈದು ವರ್ಷ ನೌಕಾಪಡೆಯಲ್ಲಿ ಮುಳುಗುಗಾರನಾಗಿ ದುಡಿದು ಬಂದವನು. ಭಾಲ್ಕಿ, ಔರಾದ ಕಡೆ ಯಾರು ಬಾವಿಗೆ ಬಿದ್ದರೂ ಅವನನ್ನೇ ಕರೆಯುತ್ತಿದ್ದರು. ಒಮ್ಮೆ ಬಸ್‌ ನಿಲ್ದಾಣದಲ್ಲಿ ಸಿಕ್ಕಾಗ, "ಮಂದಿ ಊರಿನ ಉಸಾಬರಿ ನಿನಗ್ಯಾಕೋ?" ಎಂದೆ.

"ನನಗ ಊರಂತ ಎಲ್ಲಿ ಅದರಿ ಮಾವ? ಕರದಿದ್ದೇ ನನ್ನೂರು," ಎಂದು ನಕ್ಕ.

ನಿನ್ನೆ ಎಕಂಬಾದ ಬಾವಿಯಿಂದ ಒಬ್ಬ ಹುಡುಗಿಯನ್ನು ಜೀವಂತವಾಗಿ ಮೇಲೆತ್ತಿ ಕೊಟ್ಟ. ತಾನು ಮೇಲೆ ಬರಲಿಲ್ಲ. ಸುದ್ದಿ ಕೇಳಿ ನಾನೂ ಓಡಿದೆ. ಇಳಿಯುವವರು ಅಲ್ಲಿ ಯಾರೂ ಇರಲಿಲ್ಲ. ಬೀದರದ ಅಗ್ನಿಶಾಮಕ ದಳದವರು ಬಂದು ಅವನನ್ನು ತೆಗೆಯುವವರೆಗೆ ನಾಲ್ಕು ತಾಸು ಬಾವಿಯ ದಂಡೆಯಲ್ಲಿ ಕೂತು ಅವನ ಹೆಸರು ಕೂಗಿದೆ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಪತ್ರ ತಂದಿರುವ ವಿಶ್ವಾಸ ನನ್ನ ತಮ್ಮನ ಮಗ. ಅವನ ಜೀಪಿನಲ್ಲೇ ಬನ್ನಿ. ನನ್ನ ಮಗಳು ಉಜ್ವಲಾ ನಿನ್ನೆಯಿಂದ ಏನೂ ತಿಂದಿಲ್ಲ. ನಿಮ್ಮ ಕೈಯಿಂದಾದರೂ ಒಂದು ತುತ್ತು ಉಂಡಾಳು.

ಸುಡುವುದೋ, ಮಣ್ಣು ಮಾಡುವುದೋ, ನಿಮ್ಮ ಪದ್ಧತಿ ನನಗೆ ಗೊತ್ತಿಲ್ಲ, ನೀವೇ ಹೇಳಬೇಕು. ಜಾಗ ನಮ್ಮ ಹೊಲದಲ್ಲೇ. ಅದಕ್ಕೂ ಮೊದಲು ಅವನನ್ನು ನಮ್ಮ ಮನೆಯೊಳಗೆ ತರಬೇಕು. ಬದುಕಿದ್ದಾಗ ನಾನು ಒಮ್ಮೆಯೂ ಕರೆಯಲಿಲ್ಲ.

ನಿಮ್ಮ ಬೀಗ,
ಕಾಶೀರಾಮ