ಡೋರ್ಸಿಯ ಹಾಡಿನ ಶ್ರುತಿ

ಡೋರ್ಸಿ,

ಅಂಬೋನಿನಿಂದ ಬರುವ ಅತ್ತೆಯನ್ನು ಕರೆತರಲು ಬಂದರಿಗೆ ಹೊರಟೆ. ಮೀನಿನ ಸಾರು ಒಲೆಯ ಮೇಲಿದೆ, ಸಾಗು ಹಿಟ್ಟಿಗೆ ಬಿಸಿನೀರು ಹಾಕಿ ಪಪೇಡಾ ಗಂಜಿ ನೀನೇ ತಿರುವಿಕೋ.

ನಿನ್ನೆ ಚರ್ಚಿನಲ್ಲಿ ಹಾಡಿನ ಅಭ್ಯಾಸದ ವೇಳೆ ನಾನು ಎಲ್ಲರೆದುರು, "ನಿಂಗೆ ಸ್ವರಾನೇ ನಿಲ್ಲಲ್ಲ, ಅಜ್ಜಿ ಹಾಡು ಬೇರೆಯವ್ರು ಹಾಡ್ಲಿ" ಅಂದುಬಿಟ್ಟೆ. ಇವತ್ತು ಅಜ್ಜಿಯ ಬಟ್ಟೆ ಒಗೆಯುತ್ತಾ ನೀನು ಆ ಹಾಡನ್ನೇ ಗುನುಗುತ್ತಿದ್ದೆ. ಗಿಟಾರ್ ಮೀಟಿ ನೋಡಿದರೆ ನೀನು ಡಿ ಶ್ರುತಿಯಲ್ಲಿದ್ದೆ, ಒಂದು ಸ್ವರವೂ ತಪ್ಪಿರಲಿಲ್ಲ. ನಿನ್ನೆ ಹಾಡನ್ನು ಜಿ ಶ್ರುತಿಗೆ ಏರಿಸಿ ನಿನ್ನ ಗಂಟಲು ಹಿಂಡಿದವನು ನಾನು. ಎದುರು ನಿಂತು ಹೇಳಲು ಮುಖವಿಲ್ಲ.

ಗಿಟಾರಿನಲ್ಲಿ ಜಿ ಕಾರ್ಡ್ ಇದ್ದಲ್ಲಿ ಡಿ ಹಿಡಿ, ಸಿ ಇದ್ದಲ್ಲಿ ಜಿ, ಡಿ ಇದ್ದಲ್ಲಿ ಎ. ಬೆರಳು ನೋಯುತ್ತಿದ್ದರೆ ಬಿಡು, ನಾನು ನುಡಿಸುತ್ತೇನೆ.

ಸಂಜೆ ಅಜ್ಜಿಯನ್ನು ಮಣ್ಣಿಗಿಡುವಾಗ ನೀನೇ ಹಾಡಬೇಕು, ಪಾದ್ರಿಗೆ ಹೇಳಿದ್ದೇನೆ. ಅದಕ್ಕೆ ಮೊದಲು, ತಪ್ಪು ನನ್ನದೆಂದು ಎಲ್ಲರೆದುರೇ ಹೇಳುತ್ತೇನೆ.

ವೆಂಪಿ ಅಣ್ಣ