ಗಾಡಿ ತೊಳಿಬ್ಯಾಡ್ರಿ

ಏನ್ರಿ,

ಪೊಲೀಸ್ ಸ್ಟೇಷನ್ನಿಗೆ ಹೊಂಟೇನಿ. ಎಬ್ಬಿಸಿದ್ರ ಬ್ಯಾಡ ಅಂತಿದ್ರಿ, ಅದಕ್ಕ ಈ ಚೀಟಿ.

ಕಾರಿಗೆ ನೀರ ಹಾಕಬ್ಯಾಡ್ರಿ. ಒಡದ ಲೈಟು, ಬಂಪರಿನ ಗೀರು ಹೆಂಗದಾವ ಹಂಗ ಇರಲಿ. ಪೊಲೀಸರು, ಇನ್ಶೂರೆನ್ಸಿನವರು ಬಂದು ನೋಡೂತನಕ ಯಾರೂ ಮುಟ್ಟಬಾರದು. ದೃಷ್ಟಿ ತಗೀಲಿಕ್ಕೆ ಅತ್ತಿಯವರು ಕುಂಬಳಕಾಯಿ ತರಿಸ್ಯಾರ. ಗಾಡಿ ತೊಳದು, ಕಾಯಿ ಒಡದು ಕುಂಕುಮ ಚೆಲ್ಲಿದ್ರ ಖರೇ ಗುರುತು ಉಳಿತಾವೇನು? ಅದನ್ನ ಪಲ್ಯ ಮಾಡ್ರಿ ಅಂತ ಹೇಳ್ರಿ.

ನಿಮ್ಮ ತಮ್ಮ ಫಕೀರೇಶಗ ನೀವು ರಾತ್ರಿ ಕಲಿಸಿದ ಮಾತ ಮರಸ್ರಿ. "ಹೆಂಗಸು ಹೊಡದಾಳಂದ್ರ ಮಂದಿ ಆಡಿಕೊಳ್ತಾರ, ಗಾಡಿ ತಮ್ಮ ಓಡಿಸ್ತಿದ್ದ ಅನ್ನೂಣು" ಅಂದ್ರಲ್ಲ? ನಿನ್ನೆ ಸಂಜಿಗೆ ನವನಗರದ ಕ್ರಾಸಿನ್ಯಾಗ ಹಾಲಿನ ಗೋವಿಂದಪ್ಪ ಕಾಕಾನ ಸೈಕಲ್ಲಿಗೆ ಗಾಡಿ ಬಡದಾಗ ನಿಮ್ಮ ತಮ್ಮ ಮನ್ಯಾಗ ಚಾ ಕುಡ್ಯಾಕತ್ತಿದ್ದ. ಸ್ಟೇರಿಂಗ್ ಹಿಡದಾಕಿ ನಾನು. ಕಾಕಾನ್ನ ದವಾಖಾನಿಗೆ ಒಯ್ದಾಕಿನೂ ನಾನ. ಅವರ ಕಾಲ ಮುರದೈತಿ, ಜೀವಕ್ಕೇನಿಲ್ಲ.

ನನ್ನ ತಪ್ಪು ಎಷ್ಟಂತ ಪೊಲೀಸರು ನೋಡಲಿ. ಹೆಸರು ಮಾತ್ರ ನಂದ ಬರೀಲಿ.

ಉಪ್ಪಿಟ್ಟು ಮುಚ್ಚಿಟ್ಟೇನಿ, ಆರೂದ್ರಾಗ ತಿನ್ರಿ.

ಕಾರಿನ ಕೀಲಿ ಹುಡಕಬ್ಯಾಡ್ರಿ, ನನ್ನ ಹತ್ರ ಐತಿ. ಇನ್ನ ಮ್ಯಾಲೂ ನನ್ನ ಹತ್ರನ ಇರತೈತಿ.

ಭುವನೇಶ್ವರಿ